ಆ ರಾತ್ರಿ ಮಗು ಯಾರ ಹತ್ತಿರ ಇತ್ತು?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಹಿಳಾ ಪೊಲೀಸ್ ಅಧಿಕಾರಿಗಳು ಮುಖ್ಯಪಾತ್ರದಲ್ಲಿರುವ ಅಪರಾಧ ಧಾರಾವಾಹಿಗಳ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಲೇಖಕರು ಶ್ರದ್ಧೆಯಿಂದ ಬರೆದಿದ್ದಾರೆ, ಒಳ್ಳೆಯ ಸರಣಿಗಳನ್ನೇ ಆರಿಸಿಕೊಂಡಿದ್ದಾರೆ; ಅದರಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ಒಂಟಿಯಾಗಿ ಮಗುವನ್ನು ಬೆಳೆಸುತ್ತ ಕೊಲೆ ಪ್ರಕರಣಗಳ ತನಿಖೆ ನಡೆಸುವ ನಾಯಕಿಯರ ವಿಷಯಕ್ಕೆ ಬಂದಾಗ ಅವರು ಆ ಮಗುವನ್ನು ‘ನಾಯಕಿಯ ದೌರ್ಬಲ್ಯ’ ಎಂದು ಕರೆದಿದ್ದಾರೆ. ಅಪರಾಧಿಯ ಕೈಗೆ ಸಿಕ್ಕ ತಾಯಿಯ ಜುಟ್ಟು ಎಂಬಂತೆ ಮಗುವನ್ನು ನೋಡಿದ ಆ ಮಾತು ನನ್ನನ್ನು ಬಹಳ ನೋಯಿಸಿತು. ಅಂಥದೇ ಒಬ್ಬ ತಾಯಿಯ ಮಗಳಾಗಿ ಪೊಲೀಸ್ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು ನಾನು. ಈ ಕಥೆಗಳನ್ನು ಆ ಮಗುವಿನ ಜಾಗದಲ್ಲಿ ನಿಂತು ನೋಡಿದರೆ ಏನು ಕಾಣುತ್ತದೆ ಎಂಬುದನ್ನು ತುಸು ವಿವರವಾಗಿ ಬರೆಯಲು ಅನುಮತಿ ಕೋರುತ್ತೇನೆ. ಪತ್ರ ದೀರ್ಘವಾದರೆ ಕ್ಷಮಿಸಬೇಕು.

ಈ ಬಗೆಯ ಥ್ರಿಲ್ಲರುಗಳಲ್ಲಿ ಮಗು ಬರುವುದು ಹೆಚ್ಚಾಗಿ ಎರಡೇ ಕೆಲಸಕ್ಕೆ. ಶಾಲೆಯ ಗ್ಯಾದರಿಂಗ್‌ಗೆ ಅಮ್ಮ ಬರಲಿಲ್ಲವೆಂದು ಮುಖ ಊದಿಸಿಕೊಂಡು ಕುಳಿತು ಆಕೆಯಲ್ಲಿ ಅಪರಾಧಿ ಭಾವ ಹುಟ್ಟಿಸುವುದು ಮೊದಲನೆಯ ಕೆಲಸ. ಕೊನೆಯ ಕಂತಿಗೆ ಒಂದೆರಡು ಕಂತು ಮುಂಚೆ ಕೊಲೆಗಾರನ ಕಾರಿನಲ್ಲಿ ಕಾಣೆಯಾಗುವುದು ಎರಡನೆಯದು. ಇವೆರಡರ ನಡುವೆ ಇರುವ ನೂರಾರು ಗಂಟೆಗಳು ಪರದೆಯ ಮೇಲೆ ಇರುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಫೋನು ಬರುತ್ತದೆ, ನಾಯಕಿ ಎದ್ದು ಜಾಕೆಟ್ ಹಾಕಿಕೊಂಡು ಹೊರಡುತ್ತಾಳೆ, ಮರುದೃಶ್ಯದಲ್ಲಿ ಶವದ ಪಕ್ಕ ನಿಂತಿರುತ್ತಾಳೆ. ಮಲಗಿದ್ದ ಮಗುವಿನ ಕೋಣೆಯ ಬಾಗಿಲನ್ನು ಯಾರು ನೋಡಿಕೊಂಡರು, ಬೆಳಿಗ್ಗೆ ಅದಕ್ಕೆ ಹಾಲು ಕಾಯಿಸಿ ಕೊಟ್ಟವರು ಯಾರು, ಅವರಿಗೆ ಆ ಹೊತ್ತಿನಲ್ಲಿ ಎಚ್ಚರವಿತ್ತೇ ಎಂದು ಕಥೆ ಕೇಳುವುದಿಲ್ಲ. ನನ್ನ ಮಟ್ಟಿಗೆ ಕಥೆ ಇರುವುದೇ ಅಲ್ಲಿ. ಒಂಟಿ ತಾಯಿಯ ಪೊಲೀಸ್ ಕೆಲಸ ನಡೆಯುವುದು ಇನ್ನೊಬ್ಬರ ನಿದ್ದೆಯ ಮೇಲೆ. ಆ ಇನ್ನೊಬ್ಬರನ್ನು ಪಾತ್ರವಾಗಿ ಬರೆಯದ ತನಕ ಈ ಪ್ರಕಾರದ ಕಥೆ ಅರ್ಧವೇ ಎಂಬುದು ನಾನು ಹೇಳಬೇಕೆಂದಿರುವ ಮಾತು.

ನಮ್ಮ ಅವ್ವ 1980ರಲ್ಲಿ ಕಾನ್‌ಸ್ಟೆಬಲ್ ಆಗಿ ಸೇರಿ, 36 ವರ್ಷ ಸೇವೆ ಸಲ್ಲಿಸಿ, ಎಎಸ್‌ಐ ಆಗಿ ನಿವೃತ್ತರಾದರು. ನನಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ಕಾಮಾಲೆಯಿಂದ ತೀರಿಕೊಂಡರು. ತಿಂಗಳೊಪ್ಪತ್ತಿನಲ್ಲಿ ಅವ್ವ ಮತ್ತೆ ರೋಲ್ ಕಾಲ್‌ಗೆ ಹಾಜರಾಗಲೇಬೇಕಾಯಿತು. ಬೆಲ್ಟಿನ ಹಿತ್ತಾಳೆಯನ್ನು ಬ್ರಾಸೋ ಹಚ್ಚಿ ಉಜ್ಜುವುದು, ಖಾಕಿಗೆ ಗಂಜಿ ಹಾಕಿ ತಂತಿಯ ಮೇಲೆ ಹರವುವುದು, ನನ್ನ ಎರಡು ಜಡೆಗಳನ್ನು ಮಡಚಿ ಕೆಂಪು ರಿಬ್ಬನ್ ಕಟ್ಟುವುದು, ಇವಿಷ್ಟೂ ಬೆಳಿಗ್ಗೆ ಆರೂವರೆಯೊಳಗೆ ಮುಗಿಯುತ್ತಿದ್ದವು. ಹೊರಡುವಾಗ ಪ್ರತಿದಿನ ಅದೇ ಮಾತು: “ಕೀಲಿ ಕಾಕುನ ಹತ್ರ ಐತಿ.” ಕಾಕು ಎಂದರೆ ಪಕ್ಕದ ಕ್ವಾರ್ಟರ್ಸಿನ ಹೆಡ್ ಕಾನ್‌ಸ್ಟೆಬಲ್ಲರ ಹೆಂಡತಿ. ನಮಗೆ ಅವರು ರಕ್ತಸಂಬಂಧಿಯಲ್ಲ, ನಮ್ಮ ಜಾತಿಯವರೂ ಅಲ್ಲ. ಆದರೂ ನಮ್ಮ ಮನೆಯ ಕೀಲಿ 14 ವರ್ಷ ಅವರ ಅಡುಗೆಮನೆಯ ಮೊಳೆಗೆ ನೇತಾಡಿತು.

ಹುಬ್ಬಳ್ಳಿಯಲ್ಲಿ ಗಣೇಶ ವಿಸರ್ಜನೆಯ ಹನ್ನೊಂದನೆಯ ದಿನ ಎಂದರೆ ಏನೆಂದು ಆ ಊರಿನವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಬಂದೋಬಸ್ತಿಗೆ ಹೋದ ಸಿಬ್ಬಂದಿ ಮನೆಗೆ ಬರುವುದು ಮರುದಿನ ಹೊತ್ತೇರಿದ ಮೇಲೆಯೇ. ನಾನು ಮೂರನೆಯ ತರಗತಿಯಲ್ಲಿದ್ದ ವರ್ಷ ಆ ದಿನವೇ ನನಗೆ ಜ್ವರ ಏರಿತು. ಆಗ ಮೊಬೈಲ್ ಇರಲಿಲ್ಲ. ಅವ್ವ ಯಾವ ಪಾಯಿಂಟಿನಲ್ಲಿ ನಿಂತಿದ್ದಾರೆಂದು ಠಾಣೆಗೆ ಫೋನು ಮಾಡಿ ಕೇಳಿದರೂ ಹೇಳುವವರಿರಲಿಲ್ಲ. ಕಾಕು ರಾತ್ರಿಯಿಡೀ ಒದ್ದೆ ಬಟ್ಟೆಯನ್ನು ಹಣೆಗೆ ಹಾಕುತ್ತ, ತೆಗೆಯುತ್ತ ಕುಳಿತರು. ಬೆಳಿಗ್ಗೆ ಎಂಟಕ್ಕೆ ಅವ್ವ ಬಂದಾಗ ಕಾಲು ಊದಿ ಬೂಟು ಕಳಚಲು ಬರದೆ, ಹೊಸ್ತಿಲ ಮೇಲೆ ಕುಳಿತು ಲೇಸು ಬಿಚ್ಚುತ್ತಲೇ ನನ್ನನ್ನು ನೋಡಿದರು, ಆಮೇಲೆ ಕಾಕುವನ್ನು ನೋಡಿದರು. ಇಬ್ಬರೂ ಮಾತಾಡಲಿಲ್ಲ. ಕಾಕು ಎದ್ದು ಹೋಗಿ ಚಹಾ ಇಟ್ಟರು. ಈ ದೃಶ್ಯವನ್ನು ನಾನು ಯಾವ ಥ್ರಿಲ್ಲರಿನಲ್ಲೂ ಕಂಡಿಲ್ಲ. ಅದರಲ್ಲಿದ್ದ ಆತಂಕ ಯಾವ ಬೆನ್ನಟ್ಟುವ ದೃಶ್ಯಕ್ಕೂ ಕಡಿಮೆಯದಾಗಿರಲಿಲ್ಲ ಎಂದು ಮಾತ್ರ ಖಂಡಿತವಾಗಿ ಹೇಳಬಲ್ಲೆ.

ಮಗು ದೌರ್ಬಲ್ಯ ಎಂಬ ಮಾತಿಗೆ ಇನ್ನೊಂದು ಉತ್ತರವೂ ನನ್ನ ಬಳಿ ಇದೆ. ಅವ್ವನ ಠಾಣೆಗೆ ಒಮ್ಮೆ ಏಳೆಂಟು ವರ್ಷದ ಹುಡುಗಿಯನ್ನು ಕರೆತಂದರು. ಶಾಲೆ ಬಿಟ್ಟ ಮೇಲೆ ದಾರಿ ತಪ್ಪಿ ಅಲೆಯುತ್ತಿದ್ದಳು, ಬಸ್ ನಿಲ್ದಾಣದಲ್ಲಿ ಸಿಕ್ಕಳು ಎಂದು ಕರೆತಂದ ಸಂಬಂಧಿಕರು ಹೇಳಿದರು. ಹುಡುಗಿ ಬಾಯಿ ಬಿಡುತ್ತಿರಲಿಲ್ಲ. ಠಾಣೆಯ ಗಂಡಸರೆಲ್ಲ ನಿಲ್ದಾಣದ ಬಗ್ಗೆ, ಬಸ್ಸಿನ ಬಗ್ಗೆ ಕೇಳಿ ಸುಸ್ತಾದರು. ಅವ್ವನ ಕಣ್ಣು ಹೋಗಿದ್ದು ಆಕೆಯ ತಲೆಯ ಮೇಲೆ. ಆ ಶಾಲೆಯಲ್ಲಿ ಎರಡು ಜಡೆ ಮಡಚಿ ಕಟ್ಟಬೇಕೆಂಬ ನಿಯಮವಿತ್ತು. ಈ ಹುಡುಗಿಗೆ ಒಂದೇ ಜಡೆ, ಅದೂ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದದ್ದು. ಅವ್ವ ಪಕ್ಕದಲ್ಲಿ ಕುಳಿತು ಮೆಲ್ಲಗೆ, “ತಲಿ ಯಾರು ಬಾಚಿದ್ರವ್ವಾ?” ಎಂದು ಕೇಳಿದರು. ಹುಡುಗಿ ಅಳತೊಡಗಿದಳು, ಆಮೇಲೆ ತಾನು ಎರಡು ದಿನ ಇದ್ದ ಮನೆಯನ್ನು, ಅಲ್ಲಿ ತಲೆ ಬಾಚಿದ ಹೆಂಗಸನ್ನು ಹೇಳಿದಳು. ಪ್ರಕರಣ ಬಿಚ್ಚಿಕೊಂಡಿದ್ದು ಅಲ್ಲಿಂದ. ದಿನಾ ಬೆಳಿಗ್ಗೆ ಒಂದು ಮಗುವಿನ ತಲೆ ಬಾಚುವ ಕೈಗೆ ಮಾತ್ರ ಇಂಥ ಸಂಗತಿ ತಟ್ಟನೆ ಹೊಳೆಯುತ್ತದೆ. ತನಿಖೆಯ ಭಾಷೆಯಲ್ಲಿ ಇದನ್ನು ಸುಳಿವು ಎನ್ನುತ್ತಾರೆ. ಅವ್ವ ಅದನ್ನು ಕಲಿತದ್ದು ಯಾವ ತರಬೇತಿ ಶಾಲೆಯಲ್ಲೂ ಅಲ್ಲ.

ಈಗ ಸರಣಿಗಳ ವಿಷಯಕ್ಕೆ ಬರುತ್ತೇನೆ. 1991ರಲ್ಲಿ ಬ್ರಿಟನ್ನಿನಲ್ಲಿ ಪ್ರಸಾರವಾದ ‘ಪ್ರೈಮ್ ಸಸ್ಪೆಕ್ಟ್’ ಈ ಪರಂಪರೆಯ ದೊಡ್ಡ ಮೈಲಿಗಲ್ಲು. ಹೆಲೆನ್ ಮಿರೆನ್ ಅಭಿನಯಿಸಿದ ಅದರ ಅಧಿಕಾರಿ ಜೇನ್ ಟೆನಿಸನ್‌ಗೆ ಮಕ್ಕಳಿಲ್ಲ. ಗಂಡಸರೇ ತುಂಬಿದ ಕಚೇರಿಯಲ್ಲಿ ಹೆಣ್ಣೊಬ್ಬಳು ಮೇಲಧಿಕಾರಿಯಾಗಿ ನಿಲ್ಲುವುದೇ ಆಗ ಸಾಕಷ್ಟು ದೊಡ್ಡ ಕಥೆಯಾಗಿತ್ತು, ಮನೆಯ ಪ್ರಶ್ನೆಯನ್ನು ಅಷ್ಟಕ್ಕೇ ಬಿಟ್ಟರು. 2007ರಲ್ಲಿ ಡೆನ್ಮಾರ್ಕಿನ ಸಾರ್ವಜನಿಕ ವಾಹಿನಿ ಪ್ರಸಾರ ಮಾಡಿದ, ‘ದಿ ಕಿಲ್ಲಿಂಗ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ ಲೋಕಪ್ರಸಿದ್ಧವಾದ ಸರಣಿಯಲ್ಲಿ ಮಗ ಬಂದ. ಕೋಪನ್‌ಹೇಗನ್ ಪೊಲೀಸ್ ಅಧಿಕಾರಿ ಸಾರಾ ಲುಂಡ್ ಮಗ ಮಾರ್ಕ್‌ನೊಂದಿಗೆ ಸ್ವೀಡನ್ನಿಗೆ ಹೊರಟು ನಿಂತ ದಿನವೇ ಹುಡುಗಿಯೊಬ್ಬಳ ಕೊಲೆ ಪ್ರಕರಣ ಎದುರಾಗುತ್ತದೆ. ಒಂದೊಂದು ಕಂತಿಗೂ ತನಿಖೆಯ ಒಂದೊಂದು ದಿನದಂತೆ ಮೊದಲ ಸರಣಿ 20 ಕಂತು ನಡೆಯುತ್ತದೆ. ಪ್ರಯಾಣ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಮಗ ಕೈತಪ್ಪುತ್ತಲೇ ಇರುತ್ತಾನೆ, ಕೊನೆಗೆ ತಂದೆಯ ಮನೆ ಸೇರುತ್ತಾನೆ.

ಸಾರಾ ಲುಂಡ್ ಪಾತ್ರವನ್ನು ಸೋಫಿ ಗ್ರೋಬೆಲ್ ಎಷ್ಟು ಚೆನ್ನಾಗಿ ನಿರ್ವಹಿಸಿದ್ದಾರೆಂದರೆ, ಆಕೆ ತೊಟ್ಟ ಉಣ್ಣೆಯ ಸ್ವೆಟರ್ ಕೂಡ ಜಗತ್ತಿನಾದ್ಯಂತ ಮಾತಾಯಿತು. ಆದರೂ ಆ ಸರಣಿಯನ್ನು ನೋಡುವಾಗ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು. ತನಿಖೆಯಲ್ಲಿ ಮುಳುಗಿದ ತಾಯಿ ಮಗನನ್ನು ಕಳೆದುಕೊಳ್ಳುವುದು ಪ್ರಕೃತಿ ನಿಯಮವೆಂಬಂತೆ ಕಥೆ ಸಾಗುತ್ತದೆ. ಕೆಲಸದಲ್ಲಿ ಗೆದ್ದಷ್ಟೂ ಮನೆಯಲ್ಲಿ ಸೋಲಬೇಕು ಎಂಬ ಲೆಕ್ಕ ಅದು. ಗಂಡಸು ಪತ್ತೇದಾರನಾಗಿದ್ದರೆ ಈ ಲೆಕ್ಕವನ್ನು ಅಷ್ಟು ಕಟ್ಟುನಿಟ್ಟಾಗಿ ಯಾರೂ ವಸೂಲು ಮಾಡುವುದಿಲ್ಲ. ಸಾರಾಳ ತಾಯಿ ಕಥೆಯಲ್ಲಿ ಇದ್ದಾಳೆ, ಮಗಳೂ ಮೊಮ್ಮಗನೂ ಆಕೆಯ ಮನೆಯಲ್ಲಿ ಉಳಿದುಕೊಳ್ಳುತ್ತಾರೆ. ಆದರೆ ಆ ಅಜ್ಜಿಗೆ ಮಗಳನ್ನು ಆಕ್ಷೇಪಿಸುವ ಕೆಲಸವೇ ಹೆಚ್ಚಾಗಿ ಸಿಕ್ಕಿದೆ ಎಂಬುದು ನನ್ನ ಅನಿಸಿಕೆ. ಮೊಮ್ಮಗನಿಗೆ ಊಟ ಬಡಿಸುವ ಆ ಕೈಗಳು ಏನು ಯೋಚಿಸುತ್ತಿದ್ದವು ಎಂದು ತಿಳಿಯುವ ಆಸೆ ನನಗೆ ಕೊನೆಯವರೆಗೂ ತೀರಲಿಲ್ಲ.

ಆ ಆಸೆ ತೀರಿದ್ದು ‘ಹ್ಯಾಪಿ ವ್ಯಾಲಿ’ಯಲ್ಲಿ. ಸ್ಯಾಲಿ ವೇನ್‌ರೈಟ್ ಬರೆದ ಈ ಬಿಬಿಸಿ ಸರಣಿ 2014, 2016 ಮತ್ತು 2023ರಲ್ಲಿ ತಲಾ ಆರು ಕಂತುಗಳಂತೆ ಬಂತು. ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರಿನ ಕಾಲ್ಡರ್ ಕಣಿವೆಯ ಸಣ್ಣ ಊರುಗಳಲ್ಲಿ ನಡೆಯುವ ಕಥೆ. ನಾಯಕಿ ಕ್ಯಾಥರೀನ್ ಕೇವುಡ್ ಸಮವಸ್ತ್ರದ ಸಾರ್ಜೆಂಟ್, ವಿಚ್ಛೇದಿತೆ. ಮಗಳ ಮೇಲೆ ಅತ್ಯಾಚಾರ ನಡೆದು, ಮಗು ಹುಟ್ಟಿದ ಮೇಲೆ ಆ ಮಗಳು ಆತ್ಮಹತ್ಯೆ ಮಾಡಿಕೊಂಡಿದ್ದಾಳೆ. ಉಳಿದ ಮೊಮ್ಮಗ ರಾಯನ್‌ನನ್ನು ಕ್ಯಾಥರೀನ್ ಸಾಕುತ್ತಿದ್ದಾಳೆ. ಲೆಕ್ಕಕ್ಕೆ ಅಜ್ಜಿಯಾದರೂ ಆ ಹುಡುಗನಿಗೆ ಇರುವ ಒಬ್ಬಳೇ ತಾಯಿ ಆಕೆಯೇ. ಅವನನ್ನು ಬೆಳೆಸುವುದಕ್ಕಾಗಿ ಆಕೆ ಪತ್ತೇದಾರಿ ವಿಭಾಗದ ಹುದ್ದೆಯಿಂದ ಕೆಳಗಿಳಿದು ಮತ್ತೆ ಸಮವಸ್ತ್ರಕ್ಕೆ ಬಂದವಳು ಎಂಬುದು ಕಥೆಯ ಬುನಾದಿಯಲ್ಲೇ ಇದೆ. ಬಡ್ತಿಯನ್ನು ಬಿಟ್ಟುಕೊಟ್ಟು ಮನೆಗೆ ಹತ್ತಿರದ ಠಾಣೆಯನ್ನು ಕೇಳಿ ಪಡೆದ ಎಷ್ಟೋ ಮಹಿಳಾ ಸಿಬ್ಬಂದಿಯನ್ನು ನಮ್ಮ ಕ್ವಾರ್ಟರ್ಸಿನಲ್ಲೇ ಕಂಡಿದ್ದ ನನಗೆ ಆ ಒಂದು ವಿವರ ಸಾಕಿತ್ತು, ಈ ಲೇಖಕಿಗೆ ಮನೆ ಗೊತ್ತು ಎಂದು ತಿಳಿಯಲು.

ಮೊದಲ ದೃಶ್ಯವನ್ನೇ ನೋಡಿ. ಕುಡಿದ ಯುವಕನೊಬ್ಬ ಮಕ್ಕಳ ಆಟದ ಮೈದಾನದಲ್ಲಿ ಬೆಂಕಿ ಹಚ್ಚಿಕೊಳ್ಳುತ್ತೇನೆಂದು ನಿಂತಿದ್ದಾನೆ. ಕ್ಯಾಥರೀನ್ ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಅವನೆದುರು ನಿಂತು ತನ್ನ ಪರಿಚಯ ಹೇಳಿಕೊಳ್ಳುತ್ತಾಳೆ: ವಯಸ್ಸು 47, ಗಂಡನಿಂದ ಬೇರೆಯಾಗಿದ್ದೇನೆ, ಮಾದಕ ವ್ಯಸನದಿಂದ ಹೊರಬರುತ್ತಿರುವ ತಂಗಿಯ ಜೊತೆ ಇದ್ದೇನೆ, ಬೆಳೆದ ಮಕ್ಕಳಿಬ್ಬರಲ್ಲಿ ಒಂದು ತೀರಿಕೊಂಡಿದೆ, ಇನ್ನೊಂದು ನನ್ನೊಡನೆ ಮಾತಾಡುವುದಿಲ್ಲ, ಒಬ್ಬ ಮೊಮ್ಮಗನಿದ್ದಾನೆ. ಹುದ್ದೆಯ ಅಧಿಕಾರವನ್ನು ಪಕ್ಕಕ್ಕಿಟ್ಟು ತನ್ನ ಮನೆಯನ್ನೇ ಆಕೆ ಅವನ ಮುಂದೆ ಇಡುತ್ತಾಳೆ. ಇಲ್ಲಿ ಮನೆ ಆಕೆಯ ಜುಟ್ಟಲ್ಲ, ಆಕೆಯ ಸಾಧನ.

ಆ ತಂಗಿಯೇ ಕ್ಲೇರ್. ರಾತ್ರಿ ಪಾಳಿಯಲ್ಲಿ ಹುಡುಗನನ್ನು ನೋಡಿಕೊಳ್ಳುವವಳು, ಒಲೆಯ ಮುಂದೆ ಇರುವವಳು, ಅಕ್ಕ ಬಂದು ಟೋಪಿ ತೆಗೆದು ಕುಳಿತಾಗ ಟೀ ಕಪ್ಪನ್ನು ಮುಂದಿಡುವವಳು. ಅವಳಿಗೂ ತನ್ನದೇ ಹಳೆಯ ಗಾಯಗಳಿವೆ, ಜಾರುವ ಭಯವಿದೆ. ಮೂರನೆಯ ಸರಣಿಯಲ್ಲಿ ಕಥೆಯ ದೊಡ್ಡ ಪೆಟ್ಟು ಬರುವುದು ಈ ಅಡುಗೆಮನೆಯಿಂದಲೇ. ಹುಡುಗ ತನ್ನ ತಂದೆಯನ್ನು, ಎಂದರೆ ಮಗಳ ಸಾವಿಗೆ ಕಾರಣನಾದ ಆ ಅಪರಾಧಿಯನ್ನು, ಜೈಲಿನಲ್ಲಿ ಭೇಟಿಯಾಗುತ್ತಿದ್ದಾನೆ. ಅವನನ್ನು ಕದ್ದುಮುಚ್ಚಿ ಕರೆದುಕೊಂಡು ಹೋಗುತ್ತಿರುವವಳು ಕ್ಲೇರ್ ಎಂದು ಕ್ಯಾಥರೀನ್‌ಗೆ ತಿಳಿಯುತ್ತದೆ. ಶೆಫೀಲ್ಡಿನ ಕೆಫೆಯೊಂದರಲ್ಲಿ ಅಕ್ಕ ತಂಗಿ ಎದುರುಬದುರು ಕೂರುವ ದೃಶ್ಯವಿದೆ. ಮೇಜಿನ ಮೇಲೆ ಬಂದೂಕಿಲ್ಲ, ಯಾರೂ ಓಡುವುದಿಲ್ಲ. ಮಗುವನ್ನು ನಂಬಿ ಬಿಟ್ಟ ಕೈಯೇ ಮಗುವನ್ನು ಬೇರೆ ದಾರಿಗೆ ಕರೆದೊಯ್ದಿತ್ತು ಎಂಬ ಸತ್ಯ ಆ ಮೇಜಿನ ಮೇಲಿರುತ್ತದೆ, ಅಷ್ಟೇ. ಆದರೂ ಉಸಿರು ಬಿಗಿಹಿಡಿದು ನೋಡಬೇಕಾಗುತ್ತದೆ.

ಈ ಸರಣಿಯನ್ನು ನಾನು ಅವ್ವನ ಜೊತೆ ಕುಳಿತು ನೋಡಿದೆ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಯಾರ್ಕ್‌ಶೈರಿನ ಉಚ್ಚಾರ ತಕ್ಷಣ ತಿಳಿಯದು. ಹೀಗಾಗಿ ಆಗಾಗ ನಿಲ್ಲಿಸಿ, ಕೆಳಗಿನ ಅಕ್ಷರಗಳನ್ನು ಓದಿ ಹೇಳುತ್ತ ನೋಡಿದೆವು. ಕೆಫೆಯ ದೃಶ್ಯ ಮುಗಿದ ಮೇಲೆ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಂಗಿ ಹಂಗ ಮಾಡಬಾರದಿತ್ತು. ಆದ್ರ ಅಕಿ ಇಲ್ದಿದ್ರ ಇಷ್ಟು ವರ್ಷ ಆ ಹುಡುಗನ್ನ ಯಾರು ನೋಡ್ಕೋತಿದ್ರು?” ಎಂದರು. ಪತ್ರಿಕೆಗಳಲ್ಲಿ ಆ ಸರಣಿಯ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಈ ಎರಡು ವಾಕ್ಯ ನನಗೆ ಹೆಚ್ಚು ತಿಳಿಸಿದವು. ಸಾಲ ಕೊಟ್ಟವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾಗಿ ಬಂದಾಗ ಆಗುವ ಸಂಕಟ ಅದು. ಅವ್ವನೂ ಕಾಕುವೂ ಒಮ್ಮೆ ನನ್ನ ಕಾರಣಕ್ಕೇ ಎಂಟು ದಿನ ಮಾತು ಬಿಟ್ಟಿದ್ದರು. ಆ ಎಂಟು ದಿನವೂ ಕೀಲಿ ಅದೇ ಮೊಳೆಯ ಮೇಲಿತ್ತು.

ಆ ಸರಣಿಯೂ ದೋಷದಿಂದ ಪೂರ್ತಿ ಮುಕ್ತವಲ್ಲ. ಮೊದಲ ಭಾಗದ ಕೊನೆಗೆ ಅಪರಾಧಿ ಹುಡುಗನನ್ನು ದೋಣಿಯೊಂದರಲ್ಲಿ ಹಿಡಿದಿಟ್ಟು, ಪೆಟ್ರೋಲ್ ಸುರಿದು ಬೆದರಿಸುವ ಪ್ರಸಂಗವಿದೆ. ನಾನು ದೂರುತ್ತಿರುವ ಸವಕಲು ತಂತ್ರವೇ ಅದು. ಆದರೆ ಬರೆದವರು ಅಲ್ಲಿಗೇ ನಿಲ್ಲಲಿಲ್ಲ. ಎರಡನೆಯ ಮತ್ತು ಮೂರನೆಯ ಸರಣಿಗಳ ನಡುವೆ ಏಳು ವರ್ಷ ಕಾದು, ರಾಯನ್ ಪಾತ್ರದ ಬಾಲನಟ ನಿಜವಾಗಿ ಹದಿಹರೆಯಕ್ಕೆ ಬಂದ ಮೇಲೆ ಅವನನ್ನೇ ಮತ್ತೆ ಕರೆತಂದರು. ಹೊತ್ತೊಯ್ಯಲು ಇಟ್ಟ ವಸ್ತುವಿನಂತಿದ್ದ ಮಗು ಈಗ ತನ್ನ ಮನಸ್ಸಿನಿಂದ ನಿರ್ಧಾರ ಮಾಡುವ ಹುಡುಗನಾಗಿತ್ತು. ಕಥೆಯ ಕೊನೆಯ ಮುಖಾಮುಖಿ ಕ್ಯಾಥರೀನಳ ಮನೆಯ ಊಟದ ಮೇಜಿನ ಬಳಿಯೇ ನಡೆಯುತ್ತದೆ. ಇದಕ್ಕಿಂತ ಸರಿಯಾದ ಜಾಗ ಇರಲಾರದು.

ಅಮೆರಿಕದ ‘ಮೇರ್ ಆಫ್ ಈಸ್ಟ್‌ಟೌನ್’ ಬಗ್ಗೆ ತಮ್ಮ ಲೇಖಕರು ಸಾಕಷ್ಟು ಬರೆದಿರುವುದರಿಂದ ನಾನು ಹೆಚ್ಚು ಹೇಳುವುದಿಲ್ಲ. 2021ರಲ್ಲಿ ಏಳು ಕಂತುಗಳಲ್ಲಿ ಬಂದ, ಕೇಟ್ ವಿನ್ಸ್ಲೆಟ್‌ಗೆ ಎಮ್ಮಿ ಪ್ರಶಸ್ತಿ ತಂದ ಆ ಸರಣಿಯಲ್ಲಿಯೂ ಮಗನನ್ನು ಕಳೆದುಕೊಂಡ ಪತ್ತೇದಾರಿಣಿ ಮೊಮ್ಮಗನನ್ನು ಸಾಕುತ್ತಾಳೆ, ಮನೆಯಲ್ಲಿ ಆಕೆಯ ತಾಯಿ ಹೆಲೆನ್ ಇದ್ದಾಳೆ. ಲೇಖಕರು ಬಿಟ್ಟಿರುವ ಒಂದು ಅಂಶವನ್ನು ಮಾತ್ರ ಸೇರಿಸಬೇಕು. ಮೊಮ್ಮಗನ ಪಾಲನೆಯ ಹಕ್ಕನ್ನು ಅವನ ತಾಯಿ ಕೇಳಿದಾಗ ಮೇರ್, ಠಾಣೆಯಲ್ಲಿದ್ದ ಮಾದಕವಸ್ತುವನ್ನು ಆಕೆಯ ಕಾರಿನಲ್ಲಿ ಇಟ್ಟು ಸಿಕ್ಕಿಸಲು ನೋಡುತ್ತಾಳೆ, ತಾನೇ ಸಿಕ್ಕಿಬೀಳುತ್ತಾಳೆ. ಒಂಟಿ ತಾಯಿ ಪೊಲೀಸಳೆಂದರೆ ತ್ಯಾಗಮಯಿ ದೇವತೆಯಾಗಿರಬೇಕಾಗಿಲ್ಲ, ಮಗುವಿನ ಹೆಸರಿನಲ್ಲಿ ಅಧಿಕಾರ ದುರುಪಯೋಗ ಮಾಡುವ ಮನುಷ್ಯಳೂ ಆಗಿರಬಹುದು ಎಂದು ತೋರಿಸಿದ ಧೈರ್ಯಕ್ಕಾಗಿ ನಾನು ಆ ಸರಣಿಯನ್ನು ಗೌರವಿಸುತ್ತೇನೆ.

ಥ್ರಿಲ್ಲರ್ ಎಂದ ಮೇಲೆ ಅಪಾಯ ಬೇಕು, ಮನೆಯ ಒಲೆ, ಹಾಲು, ಕೀಲಿಗಳನ್ನು ತೋರಿಸುತ್ತ ಕುಳಿತರೆ ಪ್ರೇಕ್ಷಕ ಎದ್ದು ಹೋಗುತ್ತಾನೆ ಎಂದು ಯಾರಾದರೂ ಹೇಳಬಹುದು. ಆಳವಾಗಿ ಯೋಚಿಸಿದರೆ ಆ ಆಕ್ಷೇಪ ನಿಲ್ಲುವುದಿಲ್ಲ. ಅಪಹರಣದ ಅಪಾಯ ಒಂದೇ ಕಂತಿನಲ್ಲಿ ಮುಗಿಯುತ್ತದೆ, ಮಗು ಬದುಕಿ ಬರುತ್ತದೆಂದು ನೋಡುವವರಿಗೂ ಗೊತ್ತಿರುತ್ತದೆ. ನೋಡಿಕೊಳ್ಳುವವರು ಇವತ್ತು ಬರುತ್ತಾರೋ ಇಲ್ಲವೋ, ಅವರಿಗೆ ಕಾಯಿಲೆ ಬಿದ್ದರೆ ಏನು ಗತಿ, ಅವರು ಮನಸ್ಸು ಮುರಿದುಕೊಂಡರೆ ಏನು ಗತಿ ಎಂಬ ಆತಂಕವಾದರೋ ಪ್ರತಿ ಸಂಜೆ ಹೊಸದಾಗಿ ಹುಟ್ಟುತ್ತದೆ.

ನಮ್ಮ ದೇಶದ ಕಾನೂನು ಈ ಆತಂಕವನ್ನು ಇನ್ನಷ್ಟು ಗಟ್ಟಿಯಾಗಿ ಹೆಣೆದಿದೆ ಎಂಬುದು ಚಿತ್ರಕಥೆ ಬರೆಯುವವರ ಗಮನಕ್ಕೆ ಬಂದಂತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 24ನೆಯ ಸೆಕ್ಷನ್ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು. ಆಗ ಆಕೆ ಸಮವಸ್ತ್ರದಲ್ಲಿ ಇರಬಾರದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. ಸೂರ್ಯಾಸ್ತದ ನಂತರ ಸೂರ್ಯೋದಯಕ್ಕೆ ಮೊದಲು ಹೆಂಗಸನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಆ ಕೆಲಸ ಮಾಡಬೇಕು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿದೆ. ಹೆಂಗಸಿನ ಅಂಗಶೋಧನೆಯನ್ನು ಹೆಂಗಸೇ ಮಾಡಬೇಕು. ಲೈಂಗಿಕ ದೌರ್ಜನ್ಯಕ್ಕೊಳಗಾದವರ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಇವೆಲ್ಲ ಹೋರಾಡಿ ಪಡೆದ, ಬೇಕೇ ಬೇಕಾದ ರಕ್ಷಣೆಗಳು. ಅವುಗಳ ಬಗ್ಗೆ ನನ್ನದು ಎರಡು ಮಾತಿಲ್ಲ.

ಆದರೆ ಈ ಎಲ್ಲ ನಿಯಮಗಳೂ ಬಂದು ನಿಲ್ಲುವುದು ಠಾಣೆಯಲ್ಲಿರುವ ಒಬ್ಬಿಬ್ಬರು ಹೆಂಗಸರ ಬಾಗಿಲಿಗೆ. ಪೊಲೀಸ್ ಬಲದಲ್ಲಿ ಮಹಿಳೆಯರು ನೂರಕ್ಕೆ 33ರಷ್ಟು ಇರಬೇಕೆಂದು ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಮತ್ತೆ ಮತ್ತೆ ಸಲಹೆ ಕೊಟ್ಟಿದ್ದರೂ, ದೇಶದಲ್ಲಿ ಅವರ ಪಾಲು ನೂರಕ್ಕೆ 12ರ ಆಸುಪಾಸಿನಲ್ಲಿದೆ. ಹೀಗಾಗಿ ರಾತ್ರಿ ಹನ್ನೊಂದಕ್ಕೆ ಯಾವುದೋ ಮನೆಯ ಮಗುವೊಂದು ಮಾತಾಡಲು ಸಿದ್ಧವಾದರೆ, ಆ ಮಗುವಿನ ಪಕ್ಕದಲ್ಲಿ ಕೂರಲು ಇನ್ನೊಂದು ಮಗುವಿನ ತಾಯಿ ತನ್ನ ಮಗುವನ್ನು ಎಬ್ಬಿಸದೆ, ಖಾಕಿ ತೊಡದೆ, ಚೂಡಿದಾರದಲ್ಲಿ ಮನೆಯಿಂದ ಹೊರಡಬೇಕಾಗುತ್ತದೆ. ಒಂದು ಮಗುವಿಗೆ ನ್ಯಾಯ ಸಿಗಲು ಇನ್ನೊಂದು ಮಗು ಪಕ್ಕದ ಮನೆಯಲ್ಲಿ ಮಲಗಬೇಕು. ಈ ಸನ್ನಿವೇಶವನ್ನು ಯಾರೂ ಕಲ್ಪಿಸಬೇಕಾಗಿಲ್ಲ, ಶಾಸನದಲ್ಲೇ ಬರೆದಿಟ್ಟಂತಿದೆ. ಇದನ್ನು ಆಧರಿಸಿ ಕನ್ನಡದಲ್ಲಿ ಒಂದೂ ಒಳ್ಳೆಯ ಅಪರಾಧ ಕಥೆ ಬಂದಿಲ್ಲವಲ್ಲ ಎಂದು ನನಗೆ ನಿಜವಾಗಿ ಬೇಸರವಾಗುತ್ತದೆ.

ನಮ್ಮಲ್ಲಿ ಪರಂಪರೆ ಇಲ್ಲವೆಂದಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದ ಅಂಗಡಿಗಳಿಂದ ತಂದು ಓದಿದ ತಲೆಮಾರು ಇನ್ನೂ ಇದೆ. ನಮ್ಮ ಕ್ವಾರ್ಟರ್ಸಿನಲ್ಲಿ ಆ ಪುಸ್ತಕಗಳು ಮನೆಯಿಂದ ಮನೆಗೆ ಹೋಗಿ ಹೊದಿಕೆ ಕಿತ್ತುಹೋಗುತ್ತಿದ್ದವು. ಮಾಲಾಶ್ರೀ ಅವರು ಖಾಕಿ ತೊಟ್ಟು ತೆರೆಯ ಮೇಲೆ ಬಂದಾಗ ಚಿತ್ರಮಂದಿರದಲ್ಲಿ ಎದ್ದು ನಿಂತು ಶಿಳ್ಳೆ ಹೊಡೆದ ಹೆಂಗಸರನ್ನು ನಾನೇ ಕಂಡಿದ್ದೇನೆ. 2009ರಲ್ಲಿ ‘ಕನ್ನಡದ ಕಿರಣ್ ಬೇಡಿ’ ಬಂದಾಗ ಅವ್ವನನ್ನು ಕರೆದುಕೊಂಡು ಹೋಗಿದ್ದೆ, ಅವರು ಸಂತೋಷಪಟ್ಟಿದ್ದರು. ಆ ಚಿತ್ರಗಳು ಕೊಟ್ಟ ಧೈರ್ಯವನ್ನು ನಾನು ಕಡೆಗಣಿಸುವುದಿಲ್ಲ. ನೀಲಮಣಿ ಎನ್. ರಾಜು ಅವರು 2017ರಲ್ಲಿ ರಾಜ್ಯದ ಮೊದಲ ಮಹಿಳಾ ಪೊಲೀಸ್ ಮಹಾನಿರ್ದೇಶಕರಾದ ದಿನ ಕ್ವಾರ್ಟರ್ಸಿನ ಹಳೆಯ ಗೆಳತಿಯರೆಲ್ಲ ಅವ್ವನಿಗೆ ಫೋನು ಮಾಡಿದ್ದರು. ಆದರೆ ಒಂದು ತುದಿಯಲ್ಲಿ ಹತ್ತು ಜನರನ್ನು ಒದೆಯುವ ನಾಯಕಿ, ಇನ್ನೊಂದು ತುದಿಯಲ್ಲಿ ಪ್ರಶಸ್ತಿ ಸ್ವೀಕರಿಸುವ ಉನ್ನತಾಧಿಕಾರಿ, ಇವರಿಬ್ಬರ ನಡುವೆ ಸಮನ್ಸ್ ಜಾರಿ ಮಾಡಲು, ಕೈದಿಯೊಂದಿಗೆ ಎಸ್ಕಾರ್ಟ್ ಹೋಗಲು, ಮಹಜರಿಗೆ ಪಂಚರನ್ನು ಹುಡುಕಲು ದಿನವಿಡೀ ಅಲೆದು, ಸಂಜೆ ಬೇರೆಯವರ ಮನೆಯಿಂದ ತನ್ನ ಮಗುವನ್ನು ಎತ್ತಿಕೊಂಡು ಬರುವ ಸಾಮಾನ್ಯ ಸಿಬ್ಬಂದಿ ಇದ್ದಾಳೆ. ಪುಸ್ತಕದಲ್ಲೂ ಪರದೆಯಲ್ಲೂ ಆಕೆಗೆ ಇನ್ನೂ ಜಾಗ ಸಿಕ್ಕಿಲ್ಲ.

ಈಗ ಕೆಲವು ಅನುಕೂಲಗಳು ಬಂದಿವೆ. ರಾಜ್ಯ ಸರ್ಕಾರ 2021ರಲ್ಲಿ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಮಂಜೂರು ಮಾಡಿತು. ಅವ್ವನ ಕಾಲಕ್ಕೆ ಅದು ಇರಲಿಲ್ಲ. ಇದ್ದಿದ್ದರೂ ಹನ್ನೊಂದನೆಯ ದಿನದ ಬಂದೋಬಸ್ತಿಗೆ ಅದರಿಂದ ಬಿಡುಗಡೆ ಸಿಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ನಿವೃತ್ತಿಯ ದಿನ ಠಾಣೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಜೀಪಿನಲ್ಲಿ ಮನೆಗೆ ಬಿಟ್ಟರು. ಅವ್ವ ಮನೆಯೊಳಗೆ ಬರಲಿಲ್ಲ. ಅದೇ ಜೀಪನ್ನು ತಿರುಗಿಸಲು ಹೇಳಿ, ಅಷ್ಟೊತ್ತಿಗೆ ಕ್ವಾರ್ಟರ್ಸ್ ಬಿಟ್ಟು ಮಗನ ಮನೆ ಸೇರಿದ್ದ ಕಾಕುವಿನ ಬಳಿ ಹೋಗಿ, ತಮ್ಮ ಹೆಗಲ ಮೇಲಿದ್ದ ಶಾಲನ್ನು ಅವರಿಗೆ ಹೊದಿಸಿ ಬಂದರು. ಆ ಶಾಲು ಕಾಕುವಿನ ಕೊನೆಯ ದಿನಗಳವರೆಗೂ ಅವರ ಹಾಸಿಗೆಯ ಮೇಲಿತ್ತು.

ಆದ್ದರಿಂದ ತಮ್ಮಲ್ಲಿ ಒಂದು ಸಣ್ಣ ವಿನಂತಿ. ತಮ್ಮ ಪುರವಣಿಯಲ್ಲಿ ಇನ್ನು ಮುಂದೆ ಇಂಥ ಸರಣಿಯ, ಚಿತ್ರದ ಅಥವಾ ಕಾದಂಬರಿಯ ವಿಮರ್ಶೆ ಬರೆಯುವವರು ಕೊಲೆಗಾರ ಯಾರೆಂಬುದನ್ನು ಎಂದಿನಂತೆ ಗುಟ್ಟಾಗಿಯೇ ಇಡಲಿ. ಅದರ ಜೊತೆಗೆ, ನಾಯಕಿ ರಾತ್ರಿ ಹೊರಟಾಗ ಮಗು ಯಾರ ಹತ್ತಿರ ಇತ್ತು, ಅವರಿಗೆ ಕಥೆಯಲ್ಲಿ ಒಂದು ಹೆಸರಾದರೂ ಇತ್ತೇ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಲಿ. ಆ ಸಾಲನ್ನು ಓದಿಯೇ ನಾನು ಆ ಸರಣಿಯನ್ನು ಅವ್ವನಿಗೆ ಹಾಕಿ ತೋರಿಸಬೇಕೋ ಬೇಡವೋ ಎಂದು ನಿರ್ಧರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮಹಿಳಾ ಎಎಸ್‌ಐ ಒಬ್ಬರ ಮಗಳು,
ಧಾರವಾಡ